ಗಡಿಯ ಮೇಲಿನ ಚರಂಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆ ಪೇಟೆಯ ಓಣಿಯ ಬಾಯಲ್ಲಿ ಮುದುಕರೊಬ್ಬರು ಏಣಿ ಹತ್ತಿ ನಿಂತು ಗೋಡೆ ಕೆರೆಯುತ್ತಿದ್ದಾರೆ. ಹಳದಿ ಚಕ್ಕೆ ಉದುರಿದಲ್ಲಿ ಒಳಗಿನ ಕೆಂಪು ಇಣುಕುತ್ತದೆ. ಓಣಿಯವರ ಪಾಲಿಗೆ ಇವರು ಬಣ್ಣದಜ್ಜ. ವಿಧಾನಸಭಾ ಕ್ಷೇತ್ರದ ಹೆಸರು, ಗಡಿ ತೋರಿಸುವ ಬಾಣ ಬರೆಯುವುದು ಇವರ ಕೆಲಸ.

“ಕೆಂಪು ನಮ್ಮಪ್ಪ ಬಳಿದಿದ್ದು. ಆಗ ಸೇತುವೆಯಿಂದ ರೈಲು ಹಳಿವರೆಗೂ ಒಂದೇ ಕ್ಷೇತ್ರ. ಆಮೇಲೆ ಜನ ಜಾಸ್ತಿ ಆದ್ರು, ಗಡಿ ಮಾರ್ಕೆಟ್ ರಸ್ತೆಗೆ ಬಂತು. ಆಗಿನ ಹಳದಿ ನಂದು,” ಎನ್ನುತ್ತಾರೆ ಅಜ್ಜ.

ಈಗ ಎರಡೂ ಹೋಗಬೇಕು. ಗಿರಣಿ ಮುಚ್ಚಿತು, ಬಾಡಿಗೆಯವರು ಊರ ಹೊರಗೆ ಹೋದರು, ಮನೆಗಳು ಗೋದಾಮುಗಳಾದವು. ಗೋದಾಮಿಗೆ ಓಟಿಲ್ಲವಲ್ಲ! ಮುಂದಿನ ಚುನಾವಣೆಗೆ ಕ್ಷೇತ್ರವನ್ನೇ ಅಳಿಸಿ, ಎರಡು ತುಂಡು ಮಾಡಿ ಅಕ್ಕಪಕ್ಕದ ಕ್ಷೇತ್ರಗಳಿಗೆ ಹೊಲಿದಿದ್ದಾರೆ. ಹೊಲಿಗೆ ಬಿದ್ದಿರುವುದು ಇದೇ ಓಣಿಯ ನಟ್ಟನಡುವೆ, ಚರಂಡಿಯ ಮೇಲೆ.

ಅಜ್ಜನ ಎದುರು ಮನೆಯ ದರ್ಜಿ ಹಲ್ಲುಜ್ಜುತ್ತಾ ಹೊರಗೆ ಬರುತ್ತಾನೆ. “ಏನಜ್ಜಾ, ಇನ್ಮೇಲೆ ನಾನು ಪರದೇಶಿನಾ? ನಿಮ್ಮನೆ ಚಹಾಕ್ಕೆ ಬರೋಕೆ ಪಾಸ್‌ಪೋರ್ಟ್ ಬೇಕಾ?”

“ಬಾರಪ್ಪ. ಲೋಟ ಮಾತ್ರ ನೀನೇ ತೊಳೀಬೇಕು. ತೊಳೆಯೋಳು ಮಲಗಿದ್ದಾಳೆ.”

ದರ್ಜಿಯ ನಗು ಅಲ್ಲಿಗೇ ನಿಲ್ಲುತ್ತದೆ.

ಈ ಗೋಡೆಯ ಪಕ್ಕದಲ್ಲೇ ಇರುವ ಅಜ್ಜನ ಮನೆ ಬಾಗಿಲ ಮುಂದೆಯೇ ಚರಂಡಿಯ ಚಪ್ಪಡಿ ಒಡೆದು ತಿಂಗಳುಗಳಾದವು. ಅಜ್ಜ ಕೇಳದ ಬಾಗಿಲಿಲ್ಲ. ಈಗಿನ ಶಾಸಕ ಹೇಳಿದ್ದು: “ಕ್ಷೇತ್ರಾನೇ ಇರಲ್ಲ, ನಾನ್ಯಾಕೆ ಹಾಕಿಸ್ಲಿ?” ಪಕ್ಕದ ಕ್ಷೇತ್ರಗಳ ಇಬ್ಬರು ಶಾಸಕರೂ ಹೇಳಿದ್ದು ಒಂದೇ ಮಾತು: “ಚರಂಡಿ ಆ ಕಡೆಯವರದ್ದು.” ಮೂವರ ಮನೆಯ ಮುಂದೆಯೂ ಕಾಲುದಾರಿ ಕನ್ನಡಿಯ ಹಾಗಿದೆ. ಇವರು ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಿರುವಾಗಲೇ ಅಜ್ಜಿ ಬಾಗಿಲು ದಾಟಲು ಹೋಗಿ ಚರಂಡಿಯೊಳಗೆ ಬಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ.

ಮನೆ ಎಂದರೆ ಒಂದು ಕೋಣೆ. ಮಂಚದ ಕೆಳಗೆ ಬಣ್ಣದ ಡಬ್ಬಿಗಳು, ಕಿಟಕಿಯಲ್ಲಿ ಔಷಧಿ ಬಾಟಲಿ. ಫ್ಲೆಕ್ಸ್ ಬಂದು ಅಂಗಡಿ ಬೋರ್ಡಿನ ಕೆಲಸವನ್ನೆಲ್ಲ ನುಂಗಿ ನೀರು ಕುಡಿಯಿತು. ಅಜ್ಜನಿಗೆ ಉಳಿದದ್ದು ಈ ಗೋಡೆ, ಬಣ್ಣದ ವಾಸನೆಗೆ ಹತ್ತಿದ ಕೆಮ್ಮು. ಕತ್ತಲಿರುವಾಗಲೇ ಎದ್ದು ಅಜ್ಜಿಯ ಮೈ ಒರೆಸಿ, ಗಂಜಿ ಕುಡಿಸಿ, ಆಮೇಲೆ ಏಣಿ ಹೆಗಲಿಗೆ.

“ರೀ, ನಾವು ಯಾವ ಕಡೆಗೆ ಬಂದ್ವಿ?” ಕಿಟಕಿಯಿಂದ ಅಜ್ಜಿಯ ದನಿ.

“ಎಡಗಡೆ ಕಣೇ.”

“ಚರಂಡಿ?”

ಅಜ್ಜ ಕುಂಚ ಅದ್ದಿ ಬಾಣದ ತುದಿ ತೀಡುತ್ತಾರೆ. ಗೆರೆ ನೆಟ್ಟಗೆ ಬೀಳುತ್ತದೆ. ಅಪ್ಪ ಬರೆದ ಹೆಸರಿನ ಕೊನೆಯ ಕೆಂಪು ಅಕ್ಷರ ಹೊಸ ಬಿಳಿ ಬಣ್ಣದ ಕೆಳಗೆ ಮುಳುಗುತ್ತದೆ.

ಏನಾಗಬೇಕು ಅಜ್ಜಾ ಎಂದು ಕೇಳಿದರೆ ಏಣಿ ಇಳಿದು, ಚರಂಡಿಯ ಬಾಯಿ ನೋಡುತ್ತಾ ನಿಲ್ಲುತ್ತಾರೆ.

“ಒಂದು ಚಪ್ಪಡಿ. ಅವಳು ಏಳ್ತಾಳೆ ಅಂತ ಡಾಕ್ಟ್ರು ಹೇಳಿಲ್ಲ. ಎದ್ರೆ ಇರ್ಲಿ ಅಂತ. ಯಾರು ಹಾಕಿಸ್ತಾರೋ ಅವರ ಹೆಸರು ಅದರ ಮೇಲೆ ನಾನೇ ಬರೆದುಕೊಡ್ತೀನಿ, ಇಷ್ಟು ದಪ್ಪ ಅಕ್ಷರದಲ್ಲಿ. ಕಾಸು ಬೇಡ.”