ಅರ್ಧಕ್ಕೆ ನಿಂತ ಸಿನಿಮಾ

ಅಬುಧಾಬಿಯಲ್ಲಿರುವ ಅಕ್ಕನಿಗೂ ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿರುವ ನನಗೂ ಒಂದು ಒಪ್ಪಂದವಿತ್ತು. ಕನ್ನಡ ಸೀರಿಯಲ್, ಸಿನಿಮಾ ಬರುವ ಆ್ಯಪಿಗೆ ಅವಳು ದುಡ್ಡು ಕಟ್ಟುವುದು, ಇಂಗ್ಲಿಷ್ ಆ್ಯಪಿಗೆ ನಾವು. ಪಾಸ್‌ವರ್ಡ್ ಮಾತ್ರ ಎರಡೂ ಮನೆಗೆ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಅಲ್ಲಿ, ನಾನು ಇಲ್ಲಿ ಟಿವಿ ಮುಂದೆ ಕೂತು ಒಂದೇ ಸಿನಿಮಾ ಹಚ್ಚುತ್ತಿದ್ದೆವು. ಫೋನ್ ಸ್ಪೀಕರಿನಲ್ಲಿ ಅಕ್ಕ ಇಲ್ಲಿಯ ಅರಬ್ಬರಂತೆ "ಯಲ್ಲಾ", ಅಂದರೆ ನಡಿ, ಅಂದ ಕೂಡಲೇ ಇಬ್ಬರೂ ಒಟ್ಟಿಗೆ ರಿಮೋಟ್ ಒತ್ತಬೇಕು. ಒಬ್ಬರದು ಚೂರು ಮುಂದೆ ಹೋದರೂ ಅವರ ನಗು ಮೊದಲೇ ಕೇಳಿಸಿ ಇನ್ನೊಬ್ಬರ ಮಜಾ ಕೆಡುತ್ತಿತ್ತು.

ಅಂಥದ್ದೇ ಒಂದು ಶನಿವಾರ ಸಿನಿಮಾ ಅರ್ಧ ಆಗಿತ್ತು. ಬಾಡಿಗೆ ಏರಿದ್ದರಿಂದ ನನ್ನ ಗಂಡ ಇಂಗ್ಲಿಷ್ ಆ್ಯಪ್ ಬಂದ್ ಮಾಡೋಣ ಅಂದಿದ್ದರು. ಅದನ್ನು ಅಕ್ಕನಿಗೆ ಹೇಳಿದೆ.

"ನನ್ನ ಮಕ್ಕಳು ನೋಡೋದ ಅದನ್ನ," ಅಂದಳು.

"ನಿನ್ನ ಮಕ್ಕಳು ನೋಡಲಿ ಅಂತ ನಾವು ರೊಕ್ಕ ಕಟ್ಟಬೇಕೇನು?"

"ಹಂಗಾರ ನಿಮ್ಮತ್ತಿ ಸೀರಿಯಲ್ಲಿಗೆ ನಾ ಯಾಕ ಕಟ್ಟಲಿ? ನಾಳೆನ ಪಾಸ್‌ವರ್ಡ್ ಬದಲಿ ಮಾಡ್ತೀನಿ ತಡಿ."

ನಾನು ಫೋನಿಟ್ಟೆ. ನನ್ನ ಬಗ್ಗೆ ಏನಾದರೂ ಅನ್ನಲಿ, ಅತ್ತೆಯನ್ನು ಯಾಕೆ ಎಳೆಯಬೇಕಿತ್ತು? ಅವರು ವಿಸಿಟ್ ವೀಸಾದ ಮೇಲೆ ಧಾರವಾಡದಿಂದ ಬಂದವರು. ಹೊರಗೆ ಸುಡುಬಿಸಿಲು, ಮಾತಾಡಲು ನೆರೆಯವರಿಲ್ಲ. ಸಂಜೆಯ ಆ ಸೀರಿಯಲ್ ಒಂದೇ ಅವರಿಗೆ ಆಸರೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅಕ್ಕನಿಗೂ ಅಷ್ಟೇ. ಆಮೇಲೆ ಇಬ್ಬರೂ ಫೋನ್ ಮಾಡಲಿಲ್ಲ.

ಅಂದಿನಿಂದ ಸೀರಿಯಲ್ ಹೊತ್ತಾಯಿತೆಂದರೆ ನನ್ನ ಎದೆ ಡವಡವ. ಆ್ಯಪ್ ಒತ್ತಿ, ತೆರೆದುಕೊಳ್ಳುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಬೇಕಿದ್ದರೆ ಆ ಆ್ಯಪಿಗೆ ನಾವೇ ದುಡ್ಡು ಕಟ್ಟಬಹುದಿತ್ತು. ಆದರೆ ಅಕ್ಕ ನಿಜವಾಗಿಯೂ ಪಾಸ್‌ವರ್ಡ್ ಬದಲಿಸಿದಳೆಂದರೆ ನಮ್ಮಿಬ್ಬರ ನಡುವೆ ಅಲ್ಲಿಗೆ ಖಲಾಸ್ ಅನ್ನುವುದು ನನ್ನ ಹೆದರಿಕೆ. ದಿನವೂ ಅದು ತೆರೆಯುತ್ತಿತ್ತು. ನಾನೂ ನಮ್ಮದನ್ನು ಬಂದ್ ಮಾಡಲಿಲ್ಲ. ಗಂಡ ಕೇಳಿದಾಗೆಲ್ಲ "ಮುಂದಿನ ತಿಂಗಳು ಮಾಡೋಣ" ಅಂದು ಜಾರಿಕೊಳ್ಳುತ್ತಿದ್ದೆ.

"ಶನಿವಾರ ನಿಮ್ಮಕ್ಕನ ದನಿನ ಕೇಳವಲ್ಲದಲ್ಲವಾ?" ಅಂದರು ಅತ್ತೆ. ಅವಳಿಗೆ ಕೆಲಸ ಜಾಸ್ತಿ ಅಂದೆ.

ಒಮ್ಮೆ ಮನಸ್ಸು ತಡೆಯದೆ ಆ ಆ್ಯಪಿನಲ್ಲಿ ಅಕ್ಕನ ಪ್ರೊಫೈಲ್ ತೆರೆದು ನೋಡಿದೆ. ಬೇರೆ ಏನೇನೋ ನೋಡಿದ್ದಳು. ಎಷ್ಟು ನೋಡಿಯಾಯಿತೆಂದು ತೋರಿಸುವ ಕೆಂಪು ಗೆರೆ ನಮ್ಮ ಸಿನಿಮಾದಲ್ಲಿ ಮಾತ್ರ ನಾವು ನಿಲ್ಲಿಸಿದಲ್ಲೇ ಇತ್ತು. ಅವಳು ಮುಂದೆ ನೋಡಿರಲಿಲ್ಲ. ಬೇಕಂತಲೇ ಬಿಟ್ಟಳೋ, ಮರೆತೇಬಿಟ್ಟಳೋ ಎಂದು ಇಡೀ ದಿನ ತಲೆ ಕೆಡಿಸಿಕೊಂಡೆ.

ಒಂದು ಸಂಜೆ ಆ್ಯಪ್ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ನಿಂತಿತು. ಕೊನೆಗೂ ಅಕ್ಕ ಪಾಸ್‌ವರ್ಡ್ ಬದಲಿಸಿಯೇಬಿಟ್ಟಳು ಅಂದುಕೊಂಡೆ.

"ಏನಾತವಾ, ಟಿವಿ ಕೆಟ್ಟತೇನು?" ಕನ್ನಡಕ ಹಾಕಿಕೊಂಡು ಆಗಲೇ ಕೂತಿದ್ದರು ಅತ್ತೆ.

ಮಗಳು ಓದಿದಳು. "ಪಾಸ್‌ವರ್ಡ್ ಈಸ್ ಫೈನ್, ಮಮ್ಮಿ. ಬೇರೆ ಮನೆ ಟಿವಿ ಅಂತ ಕೋಡ್ ಕೇಳ್ತಿದೆ. ಕೋಡ್ ದೊಡ್ಡಮ್ಮನ ಫೋನ್‌ಗೆ ಬಂದಿರುತ್ತೆ. ಇಟ್ ವರ್ಕ್ಸ್ ಓನ್ಲಿ ಫಾರ್ ಎ ಫ್ಯೂ ಮಿನಿಟ್ಸ್."

ಅಕ್ಕನಿಗೆ ವಾಟ್ಸಾಪ್ ಮೆಸೇಜ್ ಹಾಕಿದೆ. ನೋಡಿದ ಗುರುತು ಬೀಳಲಿಲ್ಲ. ಪರದೆಯಲ್ಲಿ ಸಮಯ ಇಳಿಯುತ್ತಿತ್ತು. ಅತ್ತೆ ಒಮ್ಮೆ ಗಡಿಯಾರ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಕೇಳಿದ ಮೇಲೂ ಕೊಡದಿದ್ದರೆ ಏನು ಗತಿ? ಆದದ್ದಾಗಲಿ ಎಂದು ಫೋನ್ ಹಚ್ಚಿದೆ.

ರಿಂಗ್ ಆಗುತ್ತಲೇ ಇತ್ತು. ಇನ್ನೇನು ಕಟ್ ಆಗಬೇಕು ಅನ್ನುವಾಗ ಎತ್ತಿದಳು. ಹಲೋ ಅನ್ನಲಿಲ್ಲ. "ಬರ್ಕೋ," ಅಂದು ಒಂದೊಂದೇ ಅಂಕಿ ಹೇಳಿದಳು. ಅವಸರದಲ್ಲಿ ನಾನು ಒಂದನ್ನು ತಪ್ಪು ಒತ್ತಿದೆ. "ಇನ್ನೊಮ್ಮೆ ಹೇಳಕ್ಕಾ," ಅಂದೆ. ಮತ್ತೆ ಹೇಳಿದಳು.

ಆ್ಯಪ್ ತೆರೆಯಿತು. ನಾನು ಫೋನಿಡಲಿಲ್ಲ, ಅವಳೂ ಇಡಲಿಲ್ಲ. ಅವಳ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ಮದಲ ಅತ್ತಿಯವರ ಸೀರಿಯಲ್ ಹಚ್ಚು," ಅಂದಳು ಅಕ್ಕ. "ಅದು ಮುಗದ ಮ್ಯಾಲ ಫೋನ್ ಮಾಡು. ನಮ್ಮ ಸಿನಿಮಾ ಅರ್ಧಕ್ಕ ನಿಂತೈತಿ."

ಆ ಸಂಜೆಯ ಸೀರಿಯಲ್ ಮುಗಿಯುವವರೆಗೂ ನಾನು ಫೋನನ್ನು ಕೈಯಿಂದ ಕೆಳಗಿಡಲಿಲ್ಲ.