ಪಾಪು ಮೊಳ

ಮೊಮ್ಮಗಳ ತೊಟ್ಟಿಲಿಗೆ ಸುತ್ತಿದ ಮಲ್ಲಿಗೆ ಇನ್ನೂ ಪೂರ್ತಿ ಬಾಡಿಲ್ಲ. ನಿನ್ನೆ ನಾಮಕರಣ. ಅಜ್ಜಿಯಾದೆ, ಅಜ್ಜಿಯಾದೆ ಎಂದು ಸಿಕ್ಕವರಿಗೆಲ್ಲ ಹೇಳಿ ನನ್ನ ಗಂಟಲೇ ಕಟ್ಟಿದೆ! ಆದರೆ ಈ ಘಮ ಮೂಗಿಗೆ ಬಡಿದಾಗೆಲ್ಲ ಗಾಂಧಿ ಬಜಾರಿನ ಹೂವಮ್ಮ ಕಣ್ಣೆದುರು ಬರುತ್ತಾಳೆ...

ನನ್ನ ಮಗಳ ನಾಮಕರಣಕ್ಕೂ ಮಗುವನ್ನು ಎತ್ತಿಕೊಂಡೇ ಹೂವಿಗೆ ಹೋಗಿದ್ದೆ. ಹಬ್ಬದ ವಾರ, ಬೆಲೆ ದುಪ್ಪಟ್ಟಾಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಬೆಲೆ ಏರಿದಾಗ ಕೆಲವು ಹೂವಿನವರು ಕೈ ಮಡಚಿ ಮೊಳವನ್ನೇ ಗಿಡ್ಡ ಮಾಡುತ್ತಿದ್ದರು.

“ಅರ್ಧ ಮೊಳ ಸಾಕಮ್ಮಾ,” ಎಂದೆ.

“ಶುಭಕಾರ್ಯಕ್ಕೆ ಅರ್ಧನಾ? ಸುಮ್ನಿರಿ ಅಕ್ಕಾ. ಹೂವು ಪಾಪುಗೆ ತಾನೆ? ಪಾಪು ಕೈಲೇ ಅಳೀತೀನಿ!” ಮಗುವಿನ ಕೈ ಚಾಚಿಸಿ, ಅದರುದ್ದಕ್ಕೆ ಹೂವು ಕತ್ತರಿಸಿದಳು. “ನೋಡಿ, ಪೂರ್ತಿ ಒಂದು ಮೊಳ. ಪಾಪು ಮೊಳಕ್ಕೆ ಪಾಪು ರೇಟು!”

ಆಮೇಲೆ ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಮಗಳ ಕೈಯೇ ಅಳತೆ. ಕೈ ಬೆಳೆಯಿತು, ಹೂವಿನ ಬೆಲೆ ಅದಕ್ಕಿಂತ ಬೇಗ ಬೆಳೆಯಿತು. ಪಾಪು ರೇಟು ಮಾತ್ರ ಏರಲಿಲ್ಲ.

“ನಿನಗೆ ಗಿಟ್ಟಲ್ಲ, ಬಿಡಮ್ಮಾ,” ಎಂದರೆ, “ಇವಳ ಪಾಪುಗೂ ನಾನೇ ಅಳೀಬೇಕು, ತಿಳ್ಕೊಳಿ,” ಎಂದು ನಗುತ್ತಿದ್ದಳು.

ಆ ಮಾತು ನೆನಪಿಟ್ಟುಕೊಂಡೇ ಮೊನ್ನೆ ಮೊಮ್ಮಗಳನ್ನು ಎತ್ತಿಕೊಂಡು ಹೋದೆ. ಅವಳ ಜಾಗದಲ್ಲಿ ಬೇರೆ ಹುಡುಗಿ.

“ಅವ್ರಾ? ಮನೆ ಬಾಡಿಗೆ ಸಿಕ್ಕಾಪಟ್ಟೆ ಏರ್ಸಿದ್ರು ಆಂಟಿ. ಕಟ್ಟಕ್ಕಾಗ್ದೆ ಎಲ್ಲೋ ಊರಾಚೆ ಹೋದ್ರು. ಅಷ್ಟು ದೂರದಿಂದ ಬೆಳಗಿನ ಜಾವ ಮಾರ್ಕೆಟ್‌ಗೆ ಬರಕ್ಕಾಗತ್ತಾ? ವ್ಯಾಪಾರನೇ ಬಿಟ್ಬಿಟ್ರು.”

ಹಾಲಿನ ಬೆಲೆ, ಗ್ಯಾಸಿನ ಬೆಲೆ, ಸೊಪ್ಪಿನ ಬೆಲೆ ಎಂದು ನಾವೆಲ್ಲ ಅವಳ ಮುಂದೆಯೇ ಗೋಳಾಡುತ್ತಿದ್ದೆವು. ಅವಳು ಹೂವು ಕಟ್ಟುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತನ್ನ ಬಾಡಿಗೆಯ ಮಾತು ಒಂದು ದಿನವೂ ಎತ್ತಲಿಲ್ಲ...

ಆ ಹುಡುಗಿ ಕೇಳಿದಷ್ಟು ಕೊಟ್ಟು ಹೂವು ತಂದೆ. ಚೌಕಾಸಿ ಮಾಡಲಿಲ್ಲ.

ನಿನ್ನೆ ತೊಟ್ಟಿಲ ಮುಂದೆ ನಾನೇ ಅಳೆಯಲು ಕೂತೆ. ಮಾಲೆ ತಾಗಿದ್ದೇ ತಡ, ನಮ್ಮ ಪುಟ್ಟಿ ಕೈ ಮಡಚಿಕೊಂಡುಬಿಟ್ಟಳು! ಎಲ್ಲರೂ ನಕ್ಕರು. ನಾನೂ ನಕ್ಕೆ. ಹೂವಮ್ಮ ಇದ್ದಿದ್ದರೆ, “ಏನೇ, ಈಗ್ಲೇ ಮೊಳ ಗಿಡ್ಡ ಮಾಡೋದು ಕಲ್ತ್ಯಾ?” ಎಂದು ಗದರಿ, ಆ ಪುಟ್ಟ ಕೈಯನ್ನು ಮೆತ್ತಗೆ ಬಿಡಿಸುತ್ತಿದ್ದಳು.

ನನಗೆ ಬಿಡಿಸಲು ಮನಸ್ಸಾಗಲಿಲ್ಲ. ಅದು ಅವಳು ಅಳೆಯಬೇಕಾದ ಮೊಳ.