ಬ್ರೇಕ್ ಮೇಷ್ಟ್ರು ಕೊಂಡ ನೀಲಿ ಕಾರು

ಬ್ರೇಕ್ ಮೇಷ್ಟ್ರನ್ನು ನಮ್ಮ ಬೀದಿಯವರು ಮೊದಲು ಕಂಡದ್ದು ಒಂದು ಹಳೆಯ ಪುಟ್ಟ ಕಾರಿನ ಪಕ್ಕದ ಸೀಟಿನಲ್ಲಿ. ಸ್ಟಿಯರಿಂಗ್ ಹಿಡಿದಿದ್ದ ಹುಡುಗಿ ಗಾಬರಿಯಲ್ಲಿ ಹಾಲಿನ ಅಂಗಡಿಯ ಮೆಟ್ಟಿಲ ಕಡೆಗೇ ಕಾರನ್ನು ತಿರುಗಿಸಿದ್ದಳು. ಮೆಟ್ಟಿಲಿಗೆ ತಗಲುವ ಮುನ್ನ ಕಾರು ಗಕ್ಕನೆ ನಿಂತಿತು. "ಏನೂ ಆಗ್ಲಿಲ್ಲಮ್ಮ, ಉಸಿರು ಬಿಡು," ಎಂದರು ಅವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಆ ಹೆಸರು ಬಂದದ್ದು ಹಾಗೆ. ಊರಿನ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ, ಅಲ್ಲ, ಅವರ ಕಾಲಿನಲ್ಲಿ ಕಲಿತವರು.

ಜೀವಮಾನವೆಲ್ಲ ಕಾರಿನಲ್ಲೇ ಕಳೆದರೂ ಮೇಷ್ಟ್ರು ಸ್ವತಃ ಓಡಿಸಿದ್ದು ಕಡಿಮೆ. ಬೆಳಿಗ್ಗೆ ಶೆಡ್ಡಿನಿಂದ ಹೊರಕ್ಕೆ, ಸಂಜೆ ಒಳಕ್ಕೆ, ಅಷ್ಟೇ. "ಪಕ್ಕದಲ್ಲಿ ಯಾರೂ ಇರ್ಬಾರ್ದು, ಯಾರಿಗೂ ಕಲಿಸ್ಬಾರ್ದು, ಒಂದು ಒಳ್ಳೆ ಗಾಡೀನ ನಾನೇ ಓಡಿಸ್ಬೇಕು ಕಣೇ," ಎಂದು ಹೆಂಡತಿಯ ಬಳಿ ಆಗಾಗ ಹೇಳಿಕೊಳ್ಳುತ್ತಿದ್ದರು. ಬೇರೆ ಆಸೆ ಅವರಿಗಿರಲಿಲ್ಲ.

ಸ್ಕೂಲನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ವರ್ಷವೇ ಅದಕ್ಕೆ ಕಾಲ ಕೂಡಿಬಂತು. ಕಟ್ಟಡದ ಕಂಟ್ರಾಕ್ಟರೊಬ್ಬರು ತಮ್ಮ ಕಡುನೀಲಿ ಸ್ಪೋರ್ಟ್ಸ್ ಸೆಡಾನನ್ನು ಮಾರುವವರಿದ್ದರು. ನೆಲಕ್ಕೆ ಅಂಟಿಕೊಂಡಂಥ ಮೈ, ತೊಗಲಿನ ಸೀಟು, ಸ್ಟಾರ್ಟ್ ಮಾಡಿದರೆ ಹುಲಿ ಗಂಟಲು ಸರಿಮಾಡಿಕೊಂಡಂಥ ಸದ್ದು. ಹೊಸದರಲ್ಲಿ ಒಂದು ಮನೆಯ ಬೆಲೆ ಬಾಳುತ್ತಿದ್ದ ಗಾಡಿ. ಈಗ ಸಾಧಾರಣ ಸಣ್ಣ ಕಾರಿಗಿಂತ ಅಗ್ಗ. ಅದು ಪೆಟ್ರೋಲ್ ಕುಡಿಯುವ ಪರಿ ಕೇಳಿಯೇ ಬಂದವರೆಲ್ಲ ಕಾಲಿಗೆ ಬುದ್ಧಿ ಹೇಳಿದ್ದರು.

"ಒಂದು ರೌಂಡು ನೋಡ್ಬಿಡಿ ಸಾರ್," ಎಂದು ಕಂಟ್ರಾಕ್ಟರು ಕೀ ನೀಡಿದರು. ಮೇಷ್ಟ್ರು ಕೀ ಹಿಡಿದುಕೊಂಡೇ ಕಾರನ್ನು ಸುತ್ತಿ ಬಂದು, ಅಭ್ಯಾಸಬಲದಿಂದ, ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು. ಕಂಟ್ರಾಕ್ಟರು ಪಿಳಿಪಿಳಿ ನೋಡಿ, ಕೀ ಇಸಿದುಕೊಂಡು ತಾವೇ ಓಡಿಸಿದರು.

"ಕನ್ನಡಿ ನೋಡಿ... ಇಂಡಿಕೇಟರ್ ಮರೆತ್ರಿ... ಬ್ರೇಕು ತಿರುವಿಗೆ ಮುಂಚೆ, ತಿರುವಿನಲ್ಲಲ್ಲ."

"ಕಾರು ನೋಡೋಕೆ ಬಂದ್ರಾ, ನನ್ನ ಪರೀಕ್ಷೆ ಮಾಡೋಕೆ ಬಂದ್ರಾ ಸಾರ್?"

"ಇಬ್ರೂ ಪಾಸು!" ಎಂದರು ಮೇಷ್ಟ್ರು. ವ್ಯಾಪಾರ ಕುದುರಿತು. ಕಂಟ್ರಾಕ್ಟರೇ ಗಾಡಿಯನ್ನು ಮನೆ ಮುಂದೆ ತಂದು ಬಿಟ್ಟು ಹೋದರು.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಷ್ಟ್ರು ಮೊದಲ ಬಾರಿಗೆ ಅದರ ಸ್ಟಿಯರಿಂಗಿನ ಮುಂದೆ ಕುಳಿತರು. ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟು ಸರಿಸುವ ಗುಂಡಿ ಒತ್ತಿದರೆ ಅದು ಕಮಕ್ ಕಿಮಕ್ ಎನ್ನಲಿಲ್ಲ. ಕಂಟ್ರಾಕ್ಟರು ತೆಂಗಿನ ಮರದಂಥ ಆಳು, ಮೇಷ್ಟ್ರು ಕುಳ್ಳಗಿನವರು.

ಕಂಟ್ರಾಕ್ಟರಿಗೆ ಫೋನು ಮಾಡಿದರು. "ಅಯ್ಯೋ, ನಾನು ಆ ಗುಂಡಿ ಮುಟ್ಟಿದ್ದೇ ಇಲ್ಲ ಸಾರ್. ಅವತ್ತು ನೀವೇ ಕೂತು ನೋಡ್ಬೇಕಿತ್ತು!" ಮೇಷ್ಟ್ರು ಫೋನಿಟ್ಟು ಗ್ಯಾರೇಜಿನವನನ್ನು ಕರೆಸಿದರು.

"ಸೀಟಿನ ಮೋಟಾರು ಸತ್ತಿದೆ," ಎಂದ ಗ್ಯಾರೇಜಿನವನು. "ಈ ಮಾಡೆಲ್ಲೇ ನಿಂತ್ಹೋಗಿದೆ. ಗುಜರಿಗೆ ಇಂಥದ್ದೇ ಇನ್ನೊಂದು ಬಂದ್ರೆ ನಿಮ್ಮ ಅದೃಷ್ಟ."

ಬೆನ್ನಿಗೆ ದಿಂಬು ಒರಗಿಸಿಕೊಂಡು ಗೇಟಿನವರೆಗೆ ಓಡಿಸಿ ನೋಡಿದರು. ಬ್ರೇಕ್ ಒತ್ತಿದೊಡನೆ ದಿಂಬು ಜಾರಿತು, ಕಾಲೂ ಜಾರಿತು. ತೆಪ್ಪಗೆ ಇಳಿದುಬಿಟ್ಟರು. "ಶಿಷ್ಯ ಯಾರಾದ್ರೂ ಹಿಂಗೆ ಕೂತಿದ್ರೆ ಕಿವಿ ಹಿಂಡ್ತಿದ್ದೆ," ಎಂದರು.

"ಮಾರ್ಬಿಡಿ ಮಾವ," ಎಂದ ಅಳಿಯ. "ನಿಲ್ಸಿದ್ರೆ ಬ್ಯಾಟರಿಯೂ ಹೋಗುತ್ತೆ." ಅಂದು ಮೇಷ್ಟ್ರಿಗೆ ಊಟ ಸೇರಲಿಲ್ಲ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. ಓದುವ ಕಾಲದಲ್ಲಿ ಬಾಸ್ಕೆಟ್‌ಬಾಲ್ ಆಡಿದ ಉದ್ದನೆಯ ಹೆಂಗಸು ಆಕೆ. "ಕೀ ಕೊಡಿ ಇಲ್ಲಿ," ಎಂದು ಇಸಿದುಕೊಂಡು ಹೋಗಿ ಕುಳಿತರು. ಸೀಟು ಅಳತೆ ಕೊಟ್ಟು ಹೊಲಿಸಿದಂತಿತ್ತು.

"ನಿಂಗೆಲ್ಲಿ ಬರುತ್ತೆ?"

"ಲೈಸೆನ್ಸೇ ಇದೆ. ಊರಿಗೆಲ್ಲ ಉಸಿರು ಬಿಡಮ್ಮ ಅಂತೀರಿ, ನಂಗೆ ಮೊದಲ ಪಾಠಕ್ಕೇ ಕೂಗಾಡಿದ್ರಿ. ಹಿಂದಿನ ಬೀದಿ ಸ್ಕೂಲಿಗೆ ಸೇರ್ಕೊಂಡೆ. ಮಗಳ ಕಾರು ಓಡಿಸ್ತಾನೇ ಇದೀನಿ, ನಿಮ್ಗೆ ಗೊತ್ತಿಲ್ಲ ಅಷ್ಟೆ."

ಮೇಷ್ಟ್ರು ಪಕ್ಕದಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು. ಮೋಟಾರು ಸಿಗುವ ತನಕ ಆಕೆಯದೇ ಸಾರಥ್ಯ. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮೇಷ್ಟ್ರು ಕಾಲಡಿಯ ಮ್ಯಾಟು ಸವೆಸಿದರು. "ಕಾಲು ಸುಮ್ನಿರ್ಲಿ ರೀ," ಎಂದರೆ ಒಂದು ತಿರುವಿನವರೆಗೆ ಸುಮ್ಮನಿರುತ್ತಿದ್ದರು.

ಕೊನೆಗೊಂದು ದಿನ ಗುಜರಿಯಿಂದ ಮೋಟಾರು ಬಂತು. ಗುರ್ ಎಂದು ಸೀಟು ಮುಂದೆ ಸರಿಯಿತು. ಮೇಷ್ಟ್ರು ಪಕ್ಕದ ಬಾಗಿಲು ತೆರೆದು, "ಹತ್ತು," ಎಂದರು.

"ನಾನು ಬರಲ್ಲ," ಎಂದು ಆಕೆ ಬಾಗಿಲು ಮುಚ್ಚಿದರು. "ಪಕ್ಕದಲ್ಲಿ ಯಾರೂ ಇರ್ಬಾರ್ದು ಅಂದಿದ್ರಲ್ಲ. ಹೋಗ್ಬನ್ನಿ."

ಈಗ ದಿನಾ ಬೆಳಿಗ್ಗೆ ಮೇಷ್ಟ್ರು ಕೆರೆ ಏರಿಯ ರಸ್ತೆಯಲ್ಲಿ ಒಬ್ಬರೇ ಹೋಗುತ್ತಾರೆ. ಹುಲಿಯಂಥ ಆ ಗಾಡಿಯನ್ನು ಸ್ಕೂಟರುಗಳೂ ಹಿಂದಿಕ್ಕುತ್ತವೆ, "ತಾತಾ, ತಳ್ಬೇಕಾ?" ಎಂದು ಹುಡುಗರು ಕೂಗುತ್ತಾರೆ. ಮೇಷ್ಟ್ರು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡುತ್ತಾರೆ. ಮನೆಗೆ ಬಂದು ಇಳಿಯುವ ಮುನ್ನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಡುತ್ತಾರೆ. ಆಮೇಲೆ ಪೇಟೆಗೆ ಹೋಗಲು ಗಾಡಿ ಹೆಂಡತಿಗೆ ಬೇಕು.